ಕೊಂದ ಗಳಿಗೆಯ ಮನಸ್ಸು

ಹೊಳೆಹೊನ್ನೂರು ಠಾಣೆಯ ಸರಹದ್ದಿನಲ್ಲಿ, ಒಂದು ಮನೆಯೊಳಗೆ ಕೊಲೆಯಾಯಿತು ಎಂದುಕೊಳ್ಳೋಣ. ಸತ್ತವಳು ತಾಯಿ, ಕೊಂದವನು ಕಿರಿಮಗ. ಠಾಣೆಗೆ ಓಡಿಹೋಗಿ ದೂರು ಕೊಟ್ಟವನು ಹಿರಿಮಗ. ಕಿರಿಯವನನ್ನು ಭದ್ರಾವತಿಯ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಶಿವಮೊಗ್ಗದ ಸೋಗಾನೆ ಜೈಲಿಗೆ ಕಳಿಸುತ್ತಾರೆ. ಚಾರ್ಜ್‌ಶೀಟ್ ಆದ ಮೇಲೆ ಭದ್ರಾವತಿಯಲ್ಲೇ ಕೂರುವ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ. ಅಲ್ಲಿ ಸೋತರೆ ಬೆಂಗಳೂರಿನ ಹೈಕೋರ್ಟು. ಈ ದಾರಿಯ ಯಾವುದೋ ಹಂತದಲ್ಲಿ ಆರೋಪಿಯ ವಕೀಲರು ಒಂದು ಮಾತು ಎತ್ತುತ್ತಾರೆ: ಆ ಹೊತ್ತಿನಲ್ಲಿ ಇವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ತಾನೇನು ಮಾಡುತ್ತಿದ್ದೇನೆ ಎಂಬುದೇ ಇವನಿಗೆ ಗೊತ್ತಿರಲಿಲ್ಲ.

ಕೋರ್ಟಿನ ವರಾಂಡದಲ್ಲಿ ಈ ಮಾತಿಗೆ ಎರಡು ಬಗೆಯ ಉತ್ತರ ಸಿದ್ಧವಾಗಿರುತ್ತದೆ. "ಇನ್ನೇನು, ಹುಚ್ಚ ಅಂತ ಬರೆಸ್ಕೊಂಡು ಹೊರಗೆ ಬರ್ತಾನೆ ಬಿಡಿ" ಎನ್ನುವವರು ಒಂದಷ್ಟು ಜನ. "ಪಾಪ, ಅವನಿಗೆ ಮೊದಲಿಂದ್ಲೂ ತಲೆ ಸರಿ ಇರ್ಲಿಲ್ಲ, ಊರಿಗೇ ಗೊತ್ತಿತ್ತಲ್ಲ" ಎನ್ನುವವರು ಇನ್ನಷ್ಟು ಜನ. ಒಬ್ಬರೇ ಎರಡನ್ನೂ ಆಡುವುದೂ ಉಂಟು. ಅದರಲ್ಲಿ ಆಷಾಢಭೂತಿತನವೇನಿಲ್ಲ. ಈ ವಿಷಯದಲ್ಲಿ ಎರಡೂ ಕಡೆ ತೂಕವಿದೆ, ಅದಕ್ಕೇ ಹಾಗಾಗುತ್ತದೆ.

ತಪ್ಪಿದರೆ ಬೆಲೆ ಸಣ್ಣದಲ್ಲ. 2016ರಲ್ಲಿ ಕೊಲೆಯಾದ ಶಿಕ್ಷಕರೊಬ್ಬರ ಪ್ರಕರಣದಲ್ಲಿ ಅವರ ಪತ್ನಿಗೂ ಆಕೆಯ ಸಂಗಾತಿಗೂ ಇದೇ ಭದ್ರಾವತಿಯ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಮರಣದಂಡನೆ ವಿಧಿಸಿತು. ಮನೆಯೊಳಗಿನ ಕೊಲೆಯನ್ನು ನಮ್ಮ ನ್ಯಾಯಾಲಯಗಳು ಹಗುರಾಗಿ ಕಾಣುವುದಿಲ್ಲ. ಅಂಥ ಕಡೆ 'ಇದು ಅಪರಾಧವೇ ಅಲ್ಲ' ಎಂದು ವಾದಿಸುವುದೆಂದರೆ ಗಲ್ಲಿಗೂ ಬಿಡುಗಡೆಗೂ ನಡುವಿನ ಇಡೀ ಅಂತರವನ್ನು ಒಂದೇ ಹೆಜ್ಜೆಯಲ್ಲಿ ದಾಟಲು ಹೊರಟಂತೆ.

ಕಾನೂನು ಏನು ಹೇಳುತ್ತದೆ? 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಾಗಿದೆ. ನಂಬರು ಬದಲಾಯಿತು, ಒಳಗಿನ ಮಾತು ಬದಲಾಗಲಿಲ್ಲ. ಕೃತ್ಯ ಎಸಗುವ ಹೊತ್ತಿನಲ್ಲಿ ಚಿತ್ತಸ್ವಾಸ್ಥ್ಯ ಇಲ್ಲದ ಕಾರಣಕ್ಕೆ, ಆ ಕೃತ್ಯ ಎಂಥದ್ದು ಎಂದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದಾಗಲಿ ತಿಳಿಯುವ ಶಕ್ತಿ ಇಲ್ಲದಿದ್ದರೆ ಅದು ಅಪರಾಧವಲ್ಲ. ಬೇರು ಲಂಡನ್ನಿನಲ್ಲಿದೆ. 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಗುಂಡಿಕ್ಕಿ ಕೊಂದ. ಅವನು ಖುಲಾಸೆಯಾದಾಗ ಎದ್ದ ಗದ್ದಲಕ್ಕೆ ಉತ್ತರವಾಗಿ ಅಲ್ಲಿನ ನ್ಯಾಯಾಧೀಶರು ಕೊಟ್ಟ ಸೂತ್ರವೇ ನಮ್ಮ ಕಲಮಿನ ಹಿಂದಿರುವುದು. 1971ರಲ್ಲಿ ಕಾನೂನು ಆಯೋಗ ತನ್ನ 42ನೇ ವರದಿಯಲ್ಲಿ ಇದನ್ನು ಪರಿಶೀಲಿಸಿ, ಬದಲಾವಣೆ ಬೇಡ ಎಂದಿತು. 2023ರ ಆಗಸ್ಟ್‌ನಲ್ಲಿ ಮಂಡಿಸಿದ ಹೊಸ ಸಂಹಿತೆಯ ಮೊದಲ ಕರಡಿನಲ್ಲಿ 'ಮಾನಸಿಕ ಕಾಯಿಲೆ' ಎಂಬ ಪದ ಬಂದಿತ್ತು. ಅಷ್ಟು ವಿಶಾಲವಾದ ಪದ ಇಟ್ಟರೆ ಸಿಕ್ಕಸಿಕ್ಕವರು ನುಸುಳುತ್ತಾರೆ ಎಂದು ಸಂಸದೀಯ ಸ್ಥಾಯಿ ಸಮಿತಿ ತಕರಾರು ತೆಗೆದ ಮೇಲೆ, ಡಿಸೆಂಬರಿನ ಕರಡಿನಲ್ಲಿ ಹಳೆಯ ಮಾತೇ ಮರಳಿತು.

ಅಂದರೆ ಸ್ಕಿಜೋಫ್ರೇನಿಯಾ ಇದೆ ಎಂದ ಮಾತ್ರಕ್ಕೆ ಬಿಡುಗಡೆಯಿಲ್ಲ. ವೈದ್ಯರ ದೃಷ್ಟಿಯ ಕಾಯಿಲೆ ಬೇರೆ, ಕಾನೂನಿನ ದೃಷ್ಟಿಯ ಚಿತ್ತವಿಕಲತೆ ಬೇರೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುವುದು ಒಳ್ಳೆಯದು. ಆರೋಪಿ ಇವತ್ತು ವಿಚಾರಣೆ ಎದುರಿಸುವ ಸ್ಥಿತಿಯಲ್ಲಿದ್ದಾನೆಯೇ ಎಂಬುದು ಒಂದು ಪ್ರಶ್ನೆ. ಕೊಲೆಯ ದಿನ ಅವನ ಮನಸ್ಸು ಹೇಗಿತ್ತು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ಕೇಸು ನಿಲ್ಲುತ್ತದೆ, ಮುಗಿಯುವುದಿಲ್ಲ. ಕುಡಿದು ಕೊಂದವನದು ಇವೆರಡರಲ್ಲೂ ಸೇರದು. ತಾನಾಗಿ ಏರಿಸಿಕೊಂಡ ಅಮಲು ಕ್ಷಮೆಗೆ ಕಾರಣವಲ್ಲ ಎಂದು ಸಂಹಿತೆ ಬೇರೆಯಾಗಿಯೇ ಹೇಳುತ್ತದೆ.

ಈ ವಾದವನ್ನು ಸುಲಭಕ್ಕೆ ಒಪ್ಪಬಾರದು ಎನ್ನುವವರ ಕಡೆಗೆ ಮೊದಲು ಹೋಗೋಣ. ಅವರ ಮಾತಿನಲ್ಲಿ ಸತ್ತವರ ನೆನಪಿದೆ, ಅದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಖುಲಾಸೆ ತೀರ್ಪುಗಳನ್ನು ಓದುವಾಗ ಕೊಂದವನ ಬಾಲ್ಯ, ಅವನ ನಿದ್ದೆ, ಅವನ ಮಾತ್ರೆ, ಎಲ್ಲದರ ವಿವರ ಸಿಗುತ್ತದೆ. ಸತ್ತವಳು ಗಾಯಗಳ ಪಟ್ಟಿಯಾಗಿ ಮಾತ್ರ ಉಳಿಯುತ್ತಾಳೆ.

ಕಾನೂನು ಕಾಲೇಜುಗಳಲ್ಲಿ ಈ ವಿಷಯಕ್ಕೆ ಮೊದಲು ಓದಿಸುವುದು ದಹ್ಯಾಭಾಯಿ ಪ್ರಕರಣ, 1964ರ ಸುಪ್ರೀಂ ಕೋರ್ಟ್ ತೀರ್ಪು. ಗುಜರಾತಿನಲ್ಲಿ ಗಂಡನೊಬ್ಬ ರಾತ್ರಿ ಕೋಣೆಯೊಳಗೆ ಹೆಂಡತಿಯನ್ನು ಇರಿದು ಕೊಂದಿದ್ದ. ಹುಚ್ಚಿನ ವಾದ ಹೂಡಿದ. ಆದರೆ ಅವನು ಮೊದಲೇ ಮಾವನಿಗೆ ಪತ್ರ ಬರೆದು, ಇವಳು ನನಗೆ ಇಷ್ಟವಿಲ್ಲ, ಕರೆದುಕೊಂಡು ಹೋಗಿ ಎಂದಿದ್ದು ಹೊರಬಂತು. ಶಿಕ್ಷೆ ಉಳಿಯಿತು. 1972ರ ಇನ್ನೊಂದು ತೀರ್ಪಿನಲ್ಲಿ, ಹೆಂಡತಿಯನ್ನೂ ಮಗಳನ್ನೂ ಕೊಂದವನ ಪರವಾಗಿ, ಕಾರಣವೇ ಇಲ್ಲದೆ ಕೊಂದಿದ್ದಾನೆ, ಬಾಗಿಲು ಒಡೆದಾಗ ಓಡಿಯೂ ಹೋಗಲಿಲ್ಲ, ಹುಚ್ಚಲ್ಲದೆ ಇನ್ನೇನು ಎಂದು ಕೇಳಿದರು. ಕಾರಣ ತಿಳಿಯಲಿಲ್ಲ ಎಂಬುದಾಗಲಿ, ಓಡಲಿಲ್ಲ ಎಂಬುದಾಗಲಿ ಚಿತ್ತವಿಕಲತೆಗೆ ಪುರಾವೆಯಲ್ಲ ಎಂದು ಕೋರ್ಟು ತಳ್ಳಿಹಾಕಿತು. ಇದರಲ್ಲಿ ತಥ್ಯವಿದೆ. ಮನೆಯೊಳಗಿನ ಕೊಲೆಗೆ ಕಾರಣ ಹೊರಗಿನವರಿಗೆ ತಿಳಿಯದಿರುವುದೇ ಹೆಚ್ಚು. ನಾಲ್ಕು ಗೋಡೆಗಳ ನಡುವೆ ಹತ್ತು ವರ್ಷ ನಡೆದದ್ದನ್ನು ಹೇಳಬೇಕಾದವಳು ಸತ್ತಿದ್ದಾಳೆ.

ಅತಿ ಕಷ್ಟದ ಪ್ರಶ್ನೆ ಹೆಂಡತಿಯ ಶೀಲದ ಮೇಲಿನ ಅನುಮಾನದ್ದು. ಮನೋವೈದ್ಯರಿಗೆ ಅದೊಂದು ಗುರುತಿಸಬಲ್ಲ ಭ್ರಮೆ. ಯಾವ ಆಧಾರವೂ ಇಲ್ಲದೆ, ಯಾರು ಏನು ಹೇಳಿದರೂ ಅಲುಗದೆ, ಹೆಂಡತಿ ಮೋಸಮಾಡುತ್ತಿದ್ದಾಳೆ ಎಂದು ಗಂಡಸು ನಂಬಿ ಕೂರುತ್ತಾನೆ. ಆದರೆ ನಮ್ಮ ಊರುಗಳಲ್ಲಿ ಅದೇ ಅನುಮಾನ ಎಷ್ಟೋ ಗಂಡಸರ ದಿನನಿತ್ಯದ ದರ್ಪವೂ ಹೌದು. ಯಾರ ಜೊತೆ ಫೋನಿನಲ್ಲಿ ಮಾತಾಡಿದೆ, ಸಂತೆಗೆ ಹೋದವಳು ಯಾಕೆ ತಡಮಾಡಿದೆ ಎಂದು ಹೊಡೆಯುವವರೆಲ್ಲ ರೋಗಿಗಳಲ್ಲ. ಬಳ್ಳಾರಿ ಜಿಲ್ಲೆಯ ಕಂಪ್ಲಿ ಕಡೆಯ ಹಳ್ಳಿಯೊಂದರಲ್ಲಿ 2017ರ ಫೆಬ್ರುವರಿ 25ರಂದು ಒಬ್ಬಾತ ಹೆಂಡತಿ, ನಾದಿನಿ ಮತ್ತು ಮೂವರು ಮಕ್ಕಳನ್ನು ಕೊಂದ. ಹೆಂಡತಿಯ ಮೇಲಿನ ಅನುಮಾನವೇ ಅಲ್ಲಿನ ಕಾರಣ. ಮಕ್ಕಳಲ್ಲಿ ಕೆಲವರು ತನ್ನವರಲ್ಲ ಎಂಬುದು ಅವನ ನಂಬಿಕೆ. ಬಳ್ಳಾರಿಯ ಸೆಷನ್ಸ್ ನ್ಯಾಯಾಲಯ 2019ರಲ್ಲಿ ಗಲ್ಲು ವಿಧಿಸಿತು, ಧಾರವಾಡ ಪೀಠ 2023ರಲ್ಲಿ ಖಾಯಂ ಮಾಡಿತು. ಅನುಮಾನವನ್ನೆಲ್ಲ ಕಾಯಿಲೆಯ ಖಾತೆಗೆ ಬರೆದರೆ ಹೆಂಡತಿಯನ್ನು ಕೊಲ್ಲುವುದಕ್ಕೆ ವೈದ್ಯಕೀಯ ಪರವಾನಗಿ ಕೊಟ್ಟಂತಾಗುತ್ತದೆ ಎಂದು ಮಹಿಳಾ ಸಂಘಟನೆಯವರು ಹೆದರಿದರೆ, ಆ ಹೆದರಿಕೆಯನ್ನು ಅತಿರೇಕ ಎನ್ನಲಾರೆ.

ಇನ್ನು ಸಾಕ್ಷಿಗಳು. ಹಿರಿಮಗನ ಸ್ಥಿತಿ ಯೋಚಿಸಿ. ಅವನಿಗೆ ಸತ್ತವಳೂ ತನ್ನವಳು, ಕೊಂದವನೂ ತನ್ನವನು. ತಾಯಿಯಂತೂ ಹೋದಳು, ಇವನಾದರೂ ಉಳಿಯಲಿ ಎಂಬ ಆಸೆ ಮೂಡುವುದು ಸಹಜ. ಆಗ 'ಅವನಿಗೆ ಮೊದಲಿಂದಲೂ ಸರಿಯಿರಲಿಲ್ಲ' ಎಂಬ ಹೇಳಿಕೆ ಬರುತ್ತದೆ. ಅದು ನಿಜವೂ ಇರಬಹುದು, ರಕ್ತಸಂಬಂಧದ ಮಾತೂ ಇರಬಹುದು. ಉಲ್ಟಾ ದಿಕ್ಕಿನಲ್ಲೂ ನಡೆಯುತ್ತದೆ: ಜಮೀನಿನ ಪಾಲು ಉಳಿಯುತ್ತದೆಂದರೆ ತಮ್ಮನ ಕಾಯಿಲೆ ಅಣ್ಣನಿಗೆ ಮರೆತೇಹೋಗಬಹುದು. ಇಂಥ ಸಾಕ್ಷ್ಯವನ್ನು ನ್ಯಾಯಾಧೀಶರು ಅನುಮಾನದಿಂದ ನೋಡುವುದು ತಪ್ಪೆಂದು ಹೇಗೆ ಹೇಳುವುದು?

ಅಮೆರಿಕದ ಕಾನ್ಸಾಸ್ ರಾಜ್ಯ ಇನ್ನೂ ಮುಂದೆ ಹೋಯಿತು. ತಪ್ಪುಒಪ್ಪಿನ ತಿಳಿವಳಿಕೆ ಇರಲಿಲ್ಲ ಎಂಬ ಸಾಂಪ್ರದಾಯಿಕ ವಾದವನ್ನೇ ಅಲ್ಲಿ ತೆಗೆದುಹಾಕಿದ್ದಾರೆ. 2009ರಲ್ಲಿ ಬೇರೆಯಾಗಿದ್ದ ಹೆಂಡತಿಯನ್ನು, ಇಬ್ಬರು ಹೆಣ್ಣುಮಕ್ಕಳನ್ನು, ಹೆಂಡತಿಯ ಅಜ್ಜಿಯನ್ನು ಗುಂಡಿಕ್ಕಿ ಕೊಂದ ಜೇಮ್ಸ್ ಕಾಹ್ಲರ್ ಇದನ್ನು ಪ್ರಶ್ನಿಸಿದಾಗ, 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರ ಬಹುಮತದಲ್ಲಿ, ರಾಜ್ಯಕ್ಕೆ ಹಾಗೆ ಮಾಡುವ ಅಧಿಕಾರವಿದೆ ಎಂದಿತು. ಕೊಲ್ಲುವ ಉದ್ದೇಶವೇ ಇರಲಿಲ್ಲ ಎಂದು ತೋರಿಸಲು ಕಾಯಿಲೆಯ ಮಾತು ಬರಲಿ, ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗಲೂ ಬರಲಿ, ತಪ್ಪೆಂದು ತಿಳಿಯಲಿಲ್ಲ ಎಂಬ ಕಾರಣಕ್ಕೆ ಅಪರಾಧವೇ ಅಲ್ಲ ಎನ್ನುವುದು ಬೇಡ ಎಂಬುದು ಆ ನಿಲುವಿನ ಸಾರ.

ಈಗ ಆಚೆ ದಡದಿಂದ ನೋಡೋಣ. ಕೈ ಮಾಡಿದ ಕೆಲಸಕ್ಕೆ ಮನಸ್ಸು ಒಪ್ಪಿರಬೇಕು, ಆಗಲೇ ಅದು ಅಪರಾಧ ಎಂಬ ತತ್ವವನ್ನು ಬಿಟ್ಟುಕೊಟ್ಟರೆ ದಂಡಶಾಸ್ತ್ರದಲ್ಲಿ ಉಳಿಯುವುದು ಸೇಡು ಮಾತ್ರ. ಐದು ವರ್ಷದ ಮಗುವಿಗೆ ನಾವು ಶಿಕ್ಷೆ ಕೊಡುವುದಿಲ್ಲವಲ್ಲ, ಅದೇ ತರ್ಕ. ಹಾಗಿದ್ದರೆ 180 ವರ್ಷ ಹಿಂದಿನ ಸೂತ್ರ ಈ ತತ್ವವನ್ನು ಸರಿಯಾಗಿ ಹಿಡಿದಿದೆಯೇ? ಅದು ಕೇಳುವುದು ಗೊತ್ತಿತ್ತೇ ಎಂಬ ಒಂದೇ ಪ್ರಶ್ನೆ. ತಡೆದುಕೊಳ್ಳಲು ಆಗುತ್ತಿತ್ತೇ ಎಂದು ಕೇಳುವುದಿಲ್ಲ. ತೀವ್ರ ಚಿತ್ತವಿಕಾರದಲ್ಲಿರುವ ಮನುಷ್ಯನಿಗೆ ಕೊಡಲಿ ಬೀಸಿದರೆ ಜೀವ ಹೋಗುತ್ತದೆ ಎಂಬುದು ಗೊತ್ತೇ ಇರುತ್ತದೆ. ಜೀವ ಹೋಗಲೇಬೇಕು, ಹೋಗದಿದ್ದರೆ ಅನರ್ಥವಾಗುತ್ತದೆ ಎಂದು ಕಿವಿಯಲ್ಲಿ ಯಾರೋ ಹೇಳುತ್ತಿರುತ್ತಾರೆ, ಅಷ್ಟೆ.

ಕಲ್ಕತ್ತಾ ಹೈಕೋರ್ಟಿನ 1949ರ ವರದಿಯಾದ ಪ್ರಕರಣವೊಂದು ಇಲ್ಲಿ ಯೋಚನೆಗೆ ಹಚ್ಚುತ್ತದೆ. ಮಗನನ್ನು ಬಲಿಕೊಡು ಎಂದು ಕನಸಿನಲ್ಲಿ ಆಜ್ಞೆಯಾಯಿತೆಂದು ನಂಬಿದ ತಂದೆ, ಪುಟ್ಟ ಮಗನನ್ನು ಮಸೀದಿಗೆ ಕರೆದೊಯ್ದು ಕತ್ತು ಇರಿದ. ಆಮೇಲೆ ನಡೆದದ್ದನ್ನು ಬಂಧುವೊಬ್ಬರಿಗೆ ಹೇಳಿದ. ಕೊಲ್ಲುತ್ತಿದ್ದೇನೆ ಎಂಬುದು ಅವನಿಗೆ ತಿಳಿದಿತ್ತು, ತಪ್ಪು ಎಂಬುದು ತಿಳಿದಿರಲಿಲ್ಲ, ತಾನು ಮಾಡುತ್ತಿರುವುದು ಪುಣ್ಯದ ಕೆಲಸ ಎಂದೇ ನಂಬಿದ್ದ ಎಂದು ಕೋರ್ಟು ಅವನಿಗೆ 84ರ ರಕ್ಷಣೆ ಕೊಟ್ಟಿತು. ಟೆಕ್ಸಾಸಿನಲ್ಲಿ 2001ರಲ್ಲಿ ತನ್ನ ಐದೂ ಮಕ್ಕಳನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಂದ ಆಂಡ್ರಿಯಾ ಯೇಟ್ಸ್‌ಳ ನಂಬಿಕೆಯೂ ಇದೇ ಜಾತಿಯದು: ಬದುಕಿದ್ದರೆ ಮಕ್ಕಳು ನರಕಕ್ಕೆ ಹೋಗುತ್ತಾರೆ. 2002ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ತೀರ್ಪು ರದ್ದಾಗಿ, 2006ರ ಮರುವಿಚಾರಣೆಯಲ್ಲಿ ಚಿತ್ತವಿಕಲತೆಯ ಕಾರಣಕ್ಕೆ ನಿರ್ದೋಷಿ ಎಂದಾಯಿತು. ಒಬ್ಬಳೇ ತಾಯಿ, ಅದೇ ಐದು ಮಕ್ಕಳು, ಎರಡು ಜ್ಯೂರಿ, ಎರಡು ಉತ್ತರ.

ನಮ್ಮಲ್ಲಿ ವಾದದ ಹಣೆಬರಹ ನಿರ್ಧಾರವಾಗುವುದು ಹೆಚ್ಚಾಗಿ ಕಾಗದದ ಮೇಲೆ. ಪೊಲೀಸ್ ಪೇದೆಯೊಬ್ಬ 1994ರಲ್ಲಿ ರುಬ್ಬುಗುಂಡಿನಿಂದ ಹೆಂಡತಿಯ ತಲೆಗೆ ಹೊಡೆದು ಕೊಂದ ಮಹಾರಾಷ್ಟ್ರದ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆ ಮಾಡಿತು. ಅವನಿಗೆ ನೆರವಾದದ್ದೇನು? ತಂದೆಗೂ ಮಾನಸಿಕ ಕಾಯಿಲೆ ಇದ್ದ ಇತಿಹಾಸ, 1992ರಿಂದಲೇ ಚಿಕಿತ್ಸೆ ಪಡೆದ ದಾಖಲೆ, ಕೊಲೆಯಾದ ವರ್ಷವೇ 25 ಬಾರಿ ಆಸ್ಪತ್ರೆಗೆ ಕರೆದೊಯ್ದ ನೋಂದಣಿ. ಸರ್ಕಾರಿ ನೌಕರ, ಊರಲ್ಲಿ ಆಸ್ಪತ್ರೆ, ಚೀಟಿಗಳು ಉಳಿದವು. ಅದೇ ಕಾಯಿಲೆ ಭದ್ರಾವತಿ ತಾಲ್ಲೂಕಿನ ಅಡಿಕೆ ತೋಟದ ಕೂಲಿಯವನಿಗೆ ಬಂದಿದ್ದರೆ?

ಅವನ ಮನೆಯವರು ಸುಮ್ಮನೆ ಕೂತಿರುತ್ತಿರಲಿಲ್ಲ. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂದು ಅಲೆದಿರುತ್ತಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಗೆ, ಅಲ್ಲಿ ಒಂದೇ ಸೂರಿನಡಿ ದರ್ಗಾ, ಭೂತರಾಯ, ಚೌಡೇಶ್ವರಿ ಇರುವಲ್ಲಿಗೆ ಕರೆದೊಯ್ದಿರುತ್ತಿದ್ದರು. ಹೊಳೆಹೊನ್ನೂರನ್ನು ಹಾದ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಮುಂದೆ ಹೋಗುವ ದಾರಿಯಲ್ಲೇ, ದಾವಣಗೆರೆ ಜಿಲ್ಲೆಯ ಹೊಳೆದಡದಲ್ಲಿ ಉಕ್ಕಡಗಾತ್ರಿಯಿದೆ. ಮೈಮೇಲೆ ಬಂದವರನ್ನು, ಮತಿ ಕೆಟ್ಟವರನ್ನು ಕರಿಬಸವೇಶ್ವರ ಅಜ್ಜಯ್ಯನ ಗದ್ದಿಗೆಗೆ ಕರೆತಂದು ವಾರಗಟ್ಟಲೆ ಉಳಿಯುವ ಕುಟುಂಬಗಳನ್ನು ಅಲ್ಲಿ ಯಾವಾಗ ಹೋದರೂ ಕಾಣಬಹುದು. ಇವರನ್ನು ಅಜ್ಞಾನಿಗಳೆಂದು ಬೈಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಅಷ್ಟು ದೂರ ಹೊತ್ತು ತಂದದ್ದೇ ಕಾಯಿಲೆಗೆ ಸಾಕ್ಷಿ. ಆದರೆ ಗದ್ದಿಗೆಯಲ್ಲಿ ಓಪಿಡಿ ಚೀಟಿ ಕೊಡುವುದಿಲ್ಲ. ಕೋರ್ಟಿನಲ್ಲಿ ಹಾಜರುಪಡಿಸಲು ಆ ಕುಟುಂಬದ ಬಳಿ ತಾಯತ ಬಿಟ್ಟರೆ ಏನಿರುತ್ತದೆ?

ಇದು ಒಬ್ಬಿಬ್ಬರ ಕಥೆಯಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಬೇಕಾದವರಲ್ಲಿ ಅದು ಸಿಗದೆ ಉಳಿದವರು, ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತ, 70ರಿಂದ 92 ಪ್ರತಿಶತ. ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಇದು ಇನ್ನೂ ಚುಚ್ಚುವ ವಿಷಯ. ಮನೋವೈದ್ಯ ಡಾ. ಅಶೋಕ್ ಪೈ ಇಲ್ಲೇ ಶಿವಮೊಗ್ಗದಲ್ಲಿ ಕೂತು, ಚಿಕಿತ್ಸೆಯ ಜೊತೆಗೆ ಕಥೆ ಬರೆದು, 'ಕಾಡಿನ ಬೆಂಕಿ'ಯಂಥ ಚಿತ್ರ ಮಾಡಿ ಕನ್ನಡಿಗರಿಗೆ ಮನಸ್ಸಿನ ಕಾಯಿಲೆಯ ಪರಿಚಯ ಮಾಡಿಸಿದರು. ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು 2005ರ ಸುಮಾರಿಗೆ ಆರಂಭಿಸಿ, ಆರೋಗ್ಯ ಕಾರ್ಯಕರ್ತೆಯರ ನೆರವಿನಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಮನೆಮನೆಯಲ್ಲಿ ಗುರುತಿಸಿ ವರ್ಷಗಟ್ಟಲೆ ಔಷಧ ಕೊಟ್ಟು ನೋಡಿಕೊಂಡರು. ಗುರುತಿಸಿದರೆ, ಮಾತ್ರೆ ತಲುಪಿಸಿದರೆ, ಅವರು ಮತ್ತೆ ದುಡಿಯುತ್ತಾರೆ ಎಂದು ತೋರಿಸಿಕೊಟ್ಟರು. ಅಂದರೆ ದಾರಿ ಗೊತ್ತಿಲ್ಲದ ಜಿಲ್ಲೆಯೇನಲ್ಲ ಇದು.

ಹೀಗೆ ದಾಖಲೆಯಿಲ್ಲದವನ ತಲೆಯ ಮೇಲೆಯೇ ಕಾನೂನು ರುಜುವಾತಿನ ಭಾರ ಹೊರಿಸುತ್ತದೆ. ಹಳೆಯ ಸಾಕ್ಷ್ಯ ಅಧಿನಿಯಮದ 105ನೇ ಕಲಮು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 108. ಭಾರ ಅಷ್ಟೇನೂ ದೊಡ್ಡದಲ್ಲ ಎಂದು ತೀರ್ಪುಗಳು ಸಮಾಧಾನ ಹೇಳುತ್ತವೆ. ಕರ್ನಾಟಕದಿಂದಲೇ ಹೋದ ಟಿ.ಎನ್. ಲಕ್ಷ್ಮಯ್ಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಸರ್ಕಾರಿ ಪಕ್ಷದಂತೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಹಾಗಿರುವ ಸಂಭವ ಹೆಚ್ಚು ಎಂದು ತೋರಿಸಿದರೆ ಸಾಕು. ಓದಲು ಚೆನ್ನಾಗಿದೆ. ಸೋಗಾನೆಯ ಬ್ಯಾರಕ್ಕಿನೊಳಗೆ, ಮನೆಯವರು ಕೈಬಿಟ್ಟ, ಉಚಿತ ಕಾನೂನು ನೆರವಿನ ವಕೀಲರನ್ನು ವಾಯಿದೆಯ ದಿನ ಮಾತ್ರ ಕಾಣುವ ರೋಗಿಗೆ ಆ ಸಂಭವವನ್ನೂ ತೋರಿಸುವ ದಾರಿಯಿಲ್ಲ. ಬಂಧಿಸಿದ ವಾರದೊಳಗೆ ಮನೋವೈದ್ಯರು ನೋಡಿದ್ದರೆ ಏನಾದರೂ ಹೇಳಬಹುದಿತ್ತು. ವರ್ಷ ಕಳೆದು, ಜೈಲಿನ ಔಷಧ ತಿಂದು ಶಾಂತನಾದ ಮೇಲೆ ನಿಮ್ಹಾನ್ಸಿಗೆ ಕಳಿಸಿದರೆ ಅವರು ಇವತ್ತಿನ ಸ್ಥಿತಿಯನ್ನು ಬರೆಯಬಲ್ಲರು, ಕೊಂದ ಗಳಿಗೆಯನ್ನು ಊಹಿಸಬಲ್ಲರು.

'ಹುಚ್ಚ ಅಂತ ಬರೆಸ್ಕೊಂಡು ಹೊರಗೆ ಬರ್ತಾನೆ' ಎಂಬ ಮಾತಿಗೂ ಉತ್ತರ ಕೊಡಬೇಕು. ದೇಶದ 23 ಹೈಕೋರ್ಟುಗಳ ಒಂದು ದಶಕದ 102 ತೀರ್ಪುಗಳನ್ನು ಮನೋವೈದ್ಯರ ತಂಡವೊಂದು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿತು. ಈ ವಾದ ಗೆದ್ದದ್ದು ನೂರಕ್ಕೆ 18ರಷ್ಟು ಕಡೆ ಮಾತ್ರ. ಗೆದ್ದವರೂ ಗೇಟಿನಿಂದ ನೇರ ಮನೆಗೆ ನಡೆದುಹೋಗುವುದಿಲ್ಲ. ಕೃತ್ಯ ಮಾಡಿದ್ದು ಇವನೇ, ಆದರೆ ಅಪರಾಧವಲ್ಲ ಎಂದು ತೀರ್ಪಿನಲ್ಲೇ ಬರೆಯಬೇಕು, ಆಮೇಲೆ, ಮುಚ್ಚಳಿಕೆ ಬರೆದುಕೊಡುವ ಬಂಧು ಸಿಗದಿದ್ದರೆ, ಸುರಕ್ಷಿತ ಸುಪರ್ದಿಗೆ ಒಪ್ಪಿಸಬೇಕು. ಅದು ಆಸ್ಪತ್ರೆಯಾದೀತು, ಜೈಲಿನ ಮೂಲೆಯಾದೀತು, ಅವಧಿಗೆ ಮಿತಿಯಿಲ್ಲ. ಜೀವಾವಧಿಯವನಿಗೆ ಸನ್ನಡತೆಯ ಬಿಡುಗಡೆಯ ಆಸೆಯಾದರೂ ಇರುತ್ತದೆ. ಅಸ್ಸಾಮಿನ ಮಾಚಾಂಗ್ ಲಾಲುಂಗ್ 1951ರಲ್ಲಿ ಬಂಧನಕ್ಕೊಳಗಾಗಿ, ಮಾನಸಿಕ ಆಸ್ಪತ್ರೆಗೆ ಸೇರಿ, ವಿಚಾರಣೆಯೇ ಇಲ್ಲದೆ 2005ರವರೆಗೆ ಒಳಗಿದ್ದ. 54 ವರ್ಷ. ಅವನದು ಕುಟುಂಬದ ಕೊಲೆಯ ಪ್ರಕರಣವಲ್ಲ, ಆದರೆ 'ಹುಚ್ಚ' ಎಂಬ ಷರಾ ಬಿದ್ದ ಕಡತ ಎಷ್ಟು ಸುಲಭವಾಗಿ ಕಳೆದುಹೋಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ ಇರುವುದೇ ನಮ್ಮ ಕಲಮಿನ ದೊಡ್ಡ ತೊಡಕು ಎಂದು ನನಗೆ ಅನ್ನಿಸುತ್ತದೆ. ಸೂತ್ರ ಕೊಟ್ಟ ಇಂಗ್ಲೆಂಡೇ 1957ರಲ್ಲಿ ನಡುವಿನ ದಾರಿ ಮಾಡಿಕೊಂಡಿತು: ಕಾಯಿಲೆಯಿಂದ ಹೊಣೆಗಾರಿಕೆ ಕುಗ್ಗಿದ್ದರೆ ಕೊಲೆ ಎಂದಾಗದೆ ಅದಕ್ಕಿಂತ ಕಡಿಮೆ ತೂಕದ ನರಹತ್ಯೆ ಎಂದಾಗುತ್ತದೆ. ಹೆತ್ತ ಮೇಲಿನ ಮನೋವಿಕಾರದಲ್ಲಿ ಕೂಸನ್ನು ಕೊಂದ ತಾಯಿಗೆ ಅಲ್ಲಿ 1922ರಿಂದಲೇ ಬೇರೆ ಕಾನೂನಿದೆ. ನಮ್ಮಲ್ಲಿ ಎರಡೂ ಇಲ್ಲ. ಆದ್ದರಿಂದ ನ್ಯಾಯಾಧೀಶರು ಇರುವ ಕಲಮುಗಳಲ್ಲೇ ಸಂದು ಹುಡುಕಬೇಕಾಗುತ್ತದೆ.

2025ರ ಏಪ್ರಿಲ್ 28ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಎನ್. ಕೋಟೀಶ್ವರ್ ಸಿಂಗ್ ಅವರ ಪೀಠ ಮಾಡಿದ್ದು ಅದನ್ನೇ. 2015ರ ಜೂನ್‌ನಲ್ಲಿ ಛತ್ತೀಸಗಢದ ಹಳ್ಳಿಯೊಂದರಲ್ಲಿ ತಾಯಿಯೊಬ್ಬಳು ತನ್ನ 5 ಮತ್ತು 3 ವರ್ಷದ ಹೆಣ್ಣುಮಕ್ಕಳನ್ನು ಕಬ್ಬಿಣದ ಹಾರೆಯಿಂದ ಹೊಡೆದು ಕೊಂದಿದ್ದಳು. ಮಕ್ಕಳ ಮೇಲೆ ಅವಳಿಗೆ ಪ್ರೀತಿಯಿರಲಿಲ್ಲ ಎಂದು ಯಾರೂ ಹೇಳಲಿಲ್ಲ. ಅವಳು ಓಡಲಿಲ್ಲ, ಅತ್ತಳು. ಕಾಣದ ಶಕ್ತಿಯೊಂದು ತನ್ನನ್ನು ಹಿಡಿದಿತ್ತು ಎಂದಳು. ಚಿತ್ತವಿಕಲತೆಯ ವಾದವನ್ನು ಅವಳ ವಕೀಲರು ಸರಿಯಾಗಿ ಹೂಡಿರಲೇ ಇಲ್ಲ, ವೈದ್ಯಕೀಯ ದಾಖಲೆಯೂ ಇರಲಿಲ್ಲ. ಹಳ್ಳಿಗಾಡಿನ ಜನ ಮನೋವಿಕಾರವನ್ನು ಕಾಣದ ಶಕ್ತಿ ಎಂದೇ ವಿವರಿಸಿಕೊಳ್ಳುತ್ತಾರೆ ಎಂಬುದನ್ನು ಪೀಠ ಗಮನಕ್ಕೆ ತೆಗೆದುಕೊಂಡಿತು. ಇಂಥ ಸಂದರ್ಭದಲ್ಲಿ ವಿಚಾರಣಾ ನ್ಯಾಯಾಧೀಶರೇ ಪ್ರಶ್ನೆ ಕೇಳಿ ತಿಳಿಯಬೇಕಿತ್ತು ಎಂದಿತು. ಪೂರ್ತಿ ಖುಲಾಸೆ ಕೊಡಲಿಲ್ಲ. ಕೊಲೆಯ ಶಿಕ್ಷೆಯನ್ನು ಕೊಲೆಯಲ್ಲದ ನರಹತ್ಯೆಯ ಶಿಕ್ಷೆಗೆ ಇಳಿಸಿತು. ಒಂಬತ್ತು ವರ್ಷ ಮೀರಿ ಜೈಲಿನಲ್ಲಿದ್ದ ಕಾರಣ ಬಿಡುಗಡೆಯಾಯಿತು. ಉಕ್ಕಡಗಾತ್ರಿಗೆ ಹೋಗಿಬಂದ ಕುಟುಂಬದ ಕಷ್ಟವನ್ನು ದೆಹಲಿಯಲ್ಲಿ ಯಾರೋ ಕೇಳಿಸಿಕೊಂಡಂತೆ ಇತ್ತು ಆ ತೀರ್ಪು. ಕಂಪ್ಲಿ ಕಡೆಯ ಪ್ರಕರಣದಲ್ಲೂ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಪರಾಧವನ್ನು ಎತ್ತಿಹಿಡಿದು, ಆರೋಪಿಯ ಬಾಳಿನ ಹಿನ್ನೆಲೆ ಮತ್ತು ಜೈಲಿನ ನಡತೆಯ ವರದಿಗಳನ್ನು ನೋಡಿ ಗಲ್ಲನ್ನು ಮಾತ್ರ ತಪ್ಪಿಸಿತು. ಉಸಿರಿರುವವರೆಗೂ ಜೈಲು ಎಂದಿತು.

ಹಾಗಾದರೆ ನನ್ನ ನಿಲುವು? ಬಾಗಿಲು ಕಿರಿದಾಗಿಯೇ ಇರಲಿ. ಅನುಮಾನದ ಗಂಡಸರೆಲ್ಲ ನುಸುಳುವಷ್ಟು ಅಗಲ ಮಾಡುವುದು ಬೇಡ. ಆದರೆ ಬಾಗಿಲ ತನಕ ಬರಲಾರದ ರೋಗಿಯನ್ನು ಕರೆತರುವ ಕೆಲಸ ಸರ್ಕಾರದ್ದಾಗಬೇಕು. ಮನೆಯೊಳಗಿನ ಕೊಲೆಯಲ್ಲಿ ಕಾರಣ ತೋಚದಿದ್ದಾಗ, ಅಥವಾ ಮನೆಯವರು ಕಾಯಿಲೆಯ ಮಾತೆತ್ತಿದಾಗ, ಬಂಧನದ ಕೆಲವೇ ದಿನಗಳಲ್ಲಿ ಆರೋಪಿಯನ್ನು ಮನೋವೈದ್ಯರು ನೋಡಬೇಕು. ಹೊಳೆಹೊನ್ನೂರಿನ ಪೊಲೀಸರಿಗೆ ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಆಗಿದೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಮುಚ್ಚಿಡುವುದು ಸರಿಯಲ್ಲ. ವೈದ್ಯರ ಮುಂದೆ ಆರೋಪಿ ಬಾಯಿಬಿಟ್ಟದ್ದನ್ನೇ ನಾಳೆ ಅವನ ವಿರುದ್ಧ ಬಳಸಿದರೆ? ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತ ಮಾಡಬಾರದು ಎಂಬುದು ಸಂವಿಧಾನದ ಮಾತು. ಮಂಪರು ಪರೀಕ್ಷೆಯ ವಿಚಾರದಲ್ಲಿ 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಅದನ್ನೇ ಸಾರಿತು. ಹಾಗಾಗಿ ಆ ಮೊದಲ ವರದಿ ಮೊಹರಾಗಿ ಕೋರ್ಟಿನ ವಶದಲ್ಲಿರಬೇಕು, ಆರೋಪಿಯ ಕಡೆಯವರು ಬೇಕೆಂದಾಗ ಮಾತ್ರ ತೆರೆಯಬೇಕು. ಇದರಿಂದ ಸತ್ತವರ ಕಡೆಗೆ ನಷ್ಟವಿಲ್ಲ. ಎರಡು ವರ್ಷ ಬಿಟ್ಟು ಕಲಿತುಕೊಂಡು ಬಂದು ಹುಚ್ಚು ನಟಿಸುವವನಿಗೆ, ಮೊದಲ ವಾರದ ವರದಿಯನ್ನು ತೆರೆಸಲು ಹಿಂಜರಿಯುವುದೇ ಮುಳುವಾಗುತ್ತದೆ.

ಇಷ್ಟಾದರೂ ಬಗೆಹರಿಯದೆ ಉಳಿಯುವ ಒಂದು ಸಂಗತಿಯಿದೆ, ಅದನ್ನು ಯಾವ ಕಲಮೂ ಬಗೆಹರಿಸುತ್ತದೆಂದು ನನಗೆ ನಂಬಿಕೆಯಿಲ್ಲ. ಖುಲಾಸೆಯಾದ ರೋಗಿ ಯಾರಿಗೂ ಅಪಾಯ ಮಾಡುವುದಿಲ್ಲ ಎಂದು ವೈದ್ಯರು ಬರೆದುಕೊಟ್ಟ ಮೇಲೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 378ನೇ ಕಲಮಿನ ಪ್ರಕಾರ ಅವನನ್ನು ಬಂಧುವಿಗೋ ಸ್ನೇಹಿತನಿಗೋ ಒಪ್ಪಿಸಬಹುದು. ಆ ಬಂಧು, ಇವನನ್ನು ನೋಡಿಕೊಳ್ಳುತ್ತೇನೆ, ಯಾರಿಗೂ ತೊಂದರೆಯಾಗದಂತೆ ತಡೆಯುತ್ತೇನೆ ಎಂದು ಜಾಮೀನು ಸಮೇತ ಮುಚ್ಚಳಿಕೆ ಬರೆದುಕೊಡಬೇಕು. ನಮ್ಮ ಹೊಳೆಹೊನ್ನೂರಿನ ಮನೆಯಲ್ಲಿ ಸಹಿ ಹಾಕುವುದಕ್ಕೆ ಉಳಿದಿರುವವನು ಹಿರಿಮಗನೊಬ್ಬನೇ. ತಾಯಿಯ ಕೊಲೆಯ ದೂರುದಾರನೂ ಅವನೇ. ಅವನ ಹೆಂಡತಿ, ಶಾಲೆಗೆ ಹೋಗುವ ಮಕ್ಕಳು ಅದೇ ಮನೆಯಲ್ಲಿ ಮಲಗಬೇಕು. ಅವನು ಸಹಿ ಹಾಕದಿದ್ದರೆ ಕಲ್ಲುಮನಸ್ಸಿನವನು ಎನ್ನಲು ನಾನು ಸಿದ್ಧನಿಲ್ಲ, ಹಾಕಿದರೆ ಬುದ್ಧಿಯಿಲ್ಲದವನು ಎನ್ನಲೂ ಸಿದ್ಧನಿಲ್ಲ. ಅವನಿಗೆ ಮೂರನೆಯ ಆಯ್ಕೆಯೊಂದು ಬೇಕು. ಚೇತರಿಸಿಕೊಂಡವರು ನಿಗಾದಲ್ಲಿ ಇದ್ದು ದುಡಿಯಬಹುದಾದ ಆಶ್ರಯಮನೆ ಜಿಲ್ಲೆಗೊಂದಾದರೂ ಬೇಕು. ಮುಚ್ಚಳಿಕೆಗೆ ಅಲ್ಲಿನ ಅಧಿಕಾರಿ ಸಹಿ ಹಾಕಲಿ. ಅಣ್ಣ ಹಬ್ಬಕ್ಕೋ ಹರಿದಿನಕ್ಕೋ ಹೋಗಿ ತಮ್ಮನನ್ನು ನೋಡಿಕೊಂಡು ಬರಲಿ, ಮನಸ್ಸಿದ್ದರೆ.